ಟೊಪ್ಪಿ ತೆಗೆಯದೆ ಕೂರಬಹುದಾದ ಕಾರು: ನಲವತ್ತರ ದಶಕದ ಪ್ಲಿಮತ್ ಇಂದಿಗೂ ಕೈಗೆಟುಕುವುದೇಕೆ

ಅಮೆರಿಕದ ಹಳೆಯ ಕಾರು ಎಂದಾಗ ನಮ್ಮಲ್ಲಿ ಬಹುಮಂದಿಯ ಕಣ್ಣಮುಂದೆ ಬರುವುದು ಐವತ್ತರ ದಶಕದ ಗಾಡಿಗಳು: ಹಿಂಬದಿಯಲ್ಲಿ ರೆಕ್ಕೆಯಂತೆ ಎದ್ದ ತಗಡು, ಎರಡೆರಡು ಬಣ್ಣ, ಕನ್ನಡಿಯಂತೆ ಹೊಳೆಯುವ ಕ್ರೋಮ್. ಎರಡನೆಯ ಮಹಾಯುದ್ಧ ಮುಗಿದ ಬೆನ್ನಲ್ಲೇ ಕ್ರೈಸ್ಲರ್ ಕಂಪನಿಯು ಪಿ-15 ಎಂಬ ಒಳಹೆಸರಿನಲ್ಲಿ ತಯಾರಿಸಿದ ಪ್ಲಿಮತ್ ಕಾರಿನಲ್ಲಿ ಇವೊಂದೂ ಇಲ್ಲ. ಎತ್ತರದ ದುಂಡು ಮಾಡು, ಉಬ್ಬಿದ ಮಡ್‌ಗಾರ್ಡ್‌ಗಳು, ಅಡ್ಡ ಪಟ್ಟಿಗಳ ಸಾಧಾರಣ ಜಾಲರಿ, ಬಾನೆಟ್ಟಿನ ತುದಿಯಲ್ಲೊಂದು ಪುಟ್ಟ ಹಾಯಿಹಡಗು; ಇಷ್ಟೇ ಅದರ ಅಲಂಕಾರ. ಆದರೂ ಹಳೆಯ ಕಾರುಗಳ ಗೀಳು ಹತ್ತಿಸಿಕೊಂಡು, ಕೈಯಲ್ಲಿ ಹೆಚ್ಚು ಹಣವಿಲ್ಲದೆ, ತಾನೇ ಸ್ಪ್ಯಾನರ್ ಹಿಡಿಯಲು ಸಿದ್ಧನಿರುವವನಿಗೆ ನಲವತ್ತರ ದಶಕದ ಅಮೆರಿಕನ್ ಕಾರುಗಳ ಪೈಕಿ ಇದಕ್ಕಿಂತ ಒಳ್ಳೆಯ ಆಯ್ಕೆ ಹೆಚ್ಚೇನಿಲ್ಲ ಎಂಬುದು ನನ್ನ ಅಭಿಪ್ರಾಯ. ಅದು ಅಗ್ಗವಾಗಿರುವುದಕ್ಕೂ ಗಟ್ಟಿಯಾಗಿರುವುದಕ್ಕೂ ಬೇರು ಒಂದೇ ಆಗಿರುವುದರಿಂದ, ಆ ಬೇರನ್ನು ಸ್ವಲ್ಪ ಬಿಡಿಸಿ ನೋಡುವುದು ಉಪಯುಕ್ತ.

ಪ್ಲಿಮತ್ ಎಂಬ ಹೆಸರನ್ನು ವಾಲ್ಟರ್ ಕ್ರೈಸ್ಲರ್ 1928ರಲ್ಲಿ ಮಾರುಕಟ್ಟೆಗೆ ತಂದದ್ದು ಫೋರ್ಡ್ ಮತ್ತು ಷೆವರ್ಲೆ ಕಾರುಗಳ ಎದುರಾಳಿಯಾಗಿ, ಅಂದರೆ ಅಮೆರಿಕದ ರೈತನೂ ಗುಮಾಸ್ತನೂ ಕೊಳ್ಳಬಲ್ಲ ಕೆಳಬೆಲೆಯ ಕಾರಾಗಿ. ಆ ಹೆಸರು ಹುಟ್ಟಿದ್ದು ಹುಲ್ಲಿನ ಕಂತೆ ಕಟ್ಟುವ ಹುರಿಯಿಂದ ಎಂಬ ಕತೆಯೊಂದು ಡೆಟ್ರಾಯಿಟಿನಲ್ಲಿ ಪ್ರಚಲಿತವಾಗಿದೆ: ಪ್ಲಿಮತ್ ಹುರಿಯನ್ನು ಬಳಸದ ರೈತನೇ ದೇಶದಲ್ಲಿಲ್ಲವಾದ್ದರಿಂದ ಕಾರಿಗೂ ಅದೇ ಹೆಸರಿರಲಿ ಎಂದು ಕಂಪನಿಯ ಜೋ ಫ್ರೇಜರ್ ಸಲಹೆ ಕೊಟ್ಟರಂತೆ. ಬಾನೆಟ್ಟಿನ ಮೇಲಿನ ಹಡಗಾದರೋ ಇಂಗ್ಲೆಂಡಿನಿಂದ ವಲಸಿಗರನ್ನು ಅಮೆರಿಕದ ಪ್ಲಿಮತ್ ಎಂಬಲ್ಲಿಗೆ ಹೊತ್ತು ತಂದ ಮೇಫ್ಲವರ್. ಒಂದೇ ಹೆಸರು ಇತಿಹಾಸಕ್ಕೂ ಹುರಿಗೂ ಸಲ್ಲುವುದು ಈ ಕಾರಿನ ಸ್ವಭಾವಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

1942ರ ಆರಂಭದಲ್ಲಿ ಅಮೆರಿಕದ ಕಾರು ಕಾರ್ಖಾನೆಗಳೆಲ್ಲ ಯುದ್ಧಸಾಮಗ್ರಿಯ ಕಡೆಗೆ ಹೊರಳಿದವು. ಕ್ರೈಸ್ಲರ್ ಟ್ಯಾಂಕುಗಳನ್ನು ತಯಾರಿಸಿತು. ಮುಂದಿನ ಸುಮಾರು ನಾಲ್ಕು ವರ್ಷ ಸಾಮಾನ್ಯ ನಾಗರಿಕನಿಗೆ ಹೊಸ ಕಾರು ಎಂಬುದೇ ಇರಲಿಲ್ಲ. ಯುದ್ಧ ಮುಗಿದಾಗ ಹಳೆಯ ಗಾಡಿಗಳನ್ನು ತೇಪೆ ಹಾಕಿಕೊಂಡು ಓಡಿಸುತ್ತಿದ್ದ ಲಕ್ಷಾಂತರ ಜನ ಸಾಲುಗಟ್ಟಿ ನಿಂತಿದ್ದರು. ಹೀಗಿರುವಾಗ ಹೊಸ ವಿನ್ಯಾಸಕ್ಕೆ ಕೈಹಾಕುವ ತುರ್ತು ಯಾವ ಕಂಪನಿಗೂ ಇರಲಿಲ್ಲ. 1942ರ ಅಚ್ಚುಗಳನ್ನೇ ಹೊರತೆಗೆದು, ಮುಂಭಾಗದ ಜಾಲರಿಯನ್ನು ಬದಲಿಸಿ, ಸಣ್ಣಪುಟ್ಟ ಸುಧಾರಣೆಗಳನ್ನು ಮಾಡಿ ಪ್ಲಿಮತ್ ತನ್ನ ಪಿ-15 ಅನ್ನು ಹೊರಬಿಟ್ಟಿತು. 1946, 1947, 1948 ಮತ್ತು 1949ರ ಮೊದಲ ಕೆಲವು ವಾರಗಳವರೆಗೆ ಹೆಚ್ಚುಕಡಿಮೆ ಅದೇ ಕಾರು ಹೊರಬರುತ್ತಲೇ ಇತ್ತು. ಯಾವ ಗಾಡಿ ಯಾವ ವರ್ಷದ್ದೆಂದು ಹೇಳಲು ಬಾಗಿಲ ಕಂಬದ ಮೇಲಿನ ತಗಡಿನಲ್ಲಿರುವ ಕ್ರಮಸಂಖ್ಯೆಯನ್ನೇ ನೋಡಬೇಕು. ಒಟ್ಟು ಸಂಖ್ಯೆ ಹತ್ತು ಲಕ್ಷವನ್ನು ಮೀರಿತು. ನಾಲ್ಕು ಬಾಗಿಲಿನ ಸೆಡಾನಿನ ಬೆಲೆ 1946ರಲ್ಲಿ ಸಾವಿರದ ಇನ್ನೂರು ಡಾಲರಿನ ಆಸುಪಾಸಿನಲ್ಲಿತ್ತು.

ಒಂದೇ ಕಾರನ್ನು ಮೂರು ವರ್ಷಕ್ಕೂ ಹೆಚ್ಚು ಕಾಲ, ಹತ್ತು ಲಕ್ಷದಷ್ಟು, ಬದಲಿಸದೆ ತಯಾರಿಸಿದ್ದು ಅಂದಿನ ವಿಮರ್ಶಕರಿಗೆ ಬೇಸರ ತರಿಸಿರಬಹುದು. ಇಂದು ಬಿಡಿಭಾಗ ಹುಡುಕುವವನಿಗೆ ಅದೊಂದು ವರ. ಎಂಜಿನ್ನಿನ ವಿಷಯದಲ್ಲಂತೂ ಈ ಅನುಕೂಲ ಇನ್ನೂ ದೂರ ಚಾಚಿಕೊಂಡಿದೆ. 1933ರಲ್ಲಿ ಪ್ಲಿಮತ್ ತನ್ನ ಮೊದಲ ಆರು ಸಿಲಿಂಡರಿನ ಎಂಜಿನ್ನನ್ನು ತಂದಿತು. ಅದೇ ಮೂಲ ವಿನ್ಯಾಸ ಹಂತಹಂತವಾಗಿ ಹಿಗ್ಗುತ್ತ ಕಾರುಗಳಲ್ಲಿ 1959ರವರೆಗೂ, ಡಾಡ್ಜ್ ಲಾರಿಗಳಲ್ಲಿ ಅರವತ್ತರ ದಶಕದವರೆಗೂ, ಪಂಪು, ವೆಲ್ಡಿಂಗ್ ಯಂತ್ರ, ಕೃಷಿ ಯಂತ್ರಗಳಂಥ ಕೈಗಾರಿಕಾ ಬಳಕೆಗಳಲ್ಲಿ ಅದಕ್ಕೂ ಮುಂದೆ ಬದುಕಿತು. ಹೀಗಾಗಿ ಬೇರಿಂಗ್, ಪಿಸ್ಟನ್ ರಿಂಗ್, ವಾಲ್ವ್, ನಮ್ಮ ಗ್ಯಾರೇಜುಗಳಲ್ಲಿ ಪ್ಯಾಕಿಂಗ್ ಎನ್ನುವ ಗ್ಯಾಸ್ಕೆಟ್ಟು, ನೀರಿನ ಪಂಪು, ಇವೆಲ್ಲ ಅಮೆರಿಕದಲ್ಲಿ ಇಂದಿಗೂ ದೊರೆಯುತ್ತವೆ. ಅದೇ ಕಾಲದ ಅಪರೂಪದ ಕಾರೊಂದನ್ನು ಕೊಂಡವನು ಒಂದು ನೀರಿನ ಪಂಪಿಗಾಗಿ ಎರಡು ವರ್ಷ ಕಾಯುವಾಗ, ಪ್ಲಿಮತ್ ಇಟ್ಟುಕೊಂಡವನು ಎರಡು ವಾರ ಕಾದು ಗಾಡಿಯನ್ನು ರಸ್ತೆಗಿಳಿಸಿರುತ್ತಾನೆ.

ಆ ಎಂಜಿನ್ನನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಏಕೆಂದರೆ ಈ ಕಾರಿನ ಆಕರ್ಷಣೆಯ ಮುಕ್ಕಾಲು ಪಾಲು ಬಾನೆಟ್ಟಿನ ಕೆಳಗೇ ಇದೆ. ಇಂದಿನ ಎಂಜಿನ್ನುಗಳಲ್ಲಿ ಗಾಳಿ ಮತ್ತು ಇಂಧನವನ್ನು ಒಳಗೆ ಬಿಡುವ, ಹೊಗೆಯನ್ನು ಹೊರಗೆ ಕಳುಹಿಸುವ ವಾಲ್ವುಗಳು ಸಿಲಿಂಡರಿನ ನೆತ್ತಿಯ ಮೇಲೆ, ಹೆಡ್ಡಿನಲ್ಲಿ ಇರುತ್ತವೆ. ಪ್ಲಿಮತ್ತಿನಲ್ಲಿ ಅವು ಸಿಲಿಂಡರಿನ ಪಕ್ಕದಲ್ಲಿ, ಬ್ಲಾಕಿನೊಳಗೇ, ತಲೆ ಮೇಲಾಗಿ ನಿಂತಿರುತ್ತವೆ. ಅವುಗಳ ಬುಡದಲ್ಲೇ ತಿರುಗುವ ಕ್ಯಾಮ್ ದಂಡ ಅವನ್ನು ಕೆಳಗಿನಿಂದ ನೇರವಾಗಿ ಎತ್ತುತ್ತದೆ. ಪರಿಣಾಮವಾಗಿ ಹೆಡ್ಡಿನಲ್ಲಿ ಚಲಿಸುವ ಭಾಗ ಒಂದೂ ಇಲ್ಲ. ಅದು ನೀರು ಹರಿಯುವ ಟೊಳ್ಳು ಮತ್ತು ಪ್ಲಗ್ಗುಗಳ ರಂಧ್ರಗಳಿರುವ ದಪ್ಪನೆಯ ಎರಕದ ಮುಚ್ಚಳ, ಅಷ್ಟೆ. ಫ್ಲ್ಯಾಟ್‌ಹೆಡ್ ಅಥವಾ ಚಪ್ಪಟೆ ತಲೆಯ ಎಂಜಿನ್ ಎಂಬ ಹೆಸರು ಬಂದದ್ದು ಹೀಗೆ. ಪಾತ್ರೆಯ ಮುಚ್ಚಳ ತೆರೆದಂತೆ ಬೋಲ್ಟುಗಳನ್ನು ಬಿಚ್ಚಿ ಹೆಡ್ಡನ್ನು ಎತ್ತಿದರೆ ಆರು ಪಿಸ್ಟನ್ನುಗಳೂ ಹನ್ನೆರಡು ವಾಲ್ವುಗಳೂ ಸಾಲಾಗಿ ಕಣ್ಣಿಗೆ ಬೀಳುತ್ತವೆ. ಯಾವ ವಾಲ್ವ್ ಸುಟ್ಟಿದೆ, ಯಾವ ಸಿಲಿಂಡರಿನಲ್ಲಿ ಎಣ್ಣೆ ಏರುತ್ತಿದೆ ಎಂಬುದನ್ನು ಮಸಿಯ ಬಣ್ಣ ನೋಡಿಯೇ ಹೇಳಬಹುದು.

ಈ ಸರಳತೆಗೆ ತೆರಬೇಕಾದ ಬೆಲೆಯೂ ಇದೆ. ಗಾಳಿ ಪಕ್ಕದಿಂದ ಬಂದು, ಸಿಲಿಂಡರಿನ ಮೇಲೆ ಅಡ್ಡಲಾಗಿ ತಿರುಗಿ, ಮತ್ತೆ ಪಕ್ಕಕ್ಕೇ ಹೊರಡಬೇಕಾದ್ದರಿಂದ ಎಂಜಿನ್ನಿನ ಉಸಿರಾಟ ಸಲೀಸಲ್ಲ. ಇಂಧನ ಉರಿಯುವ ಜಾಗ ಅಗಲವಾಗಿ ಹರಡಿಕೊಳ್ಳುವುದರಿಂದ ಹೆಚ್ಚಿನ ಒತ್ತಡಕ್ಕೆ ಅದನ್ನು ಹಿಂಡಲೂ ಆಗದು. ಪಿ-15ರಲ್ಲಿ ಹೀಗೆ ಹಿಂಡುವ ಅನುಪಾತ (ಕಂಪ್ರೆಷನ್ ರೇಷಿಯೊ) ಸುಮಾರು 6.6ಕ್ಕೆ 1. ಸುಮಾರು 83 ಮಿ.ಮೀ. ಅಗಲದ ಸಿಲಿಂಡರಿನಲ್ಲಿ ಪಿಸ್ಟನ್ 111 ಮಿ.ಮೀ. ಎತ್ತರಕ್ಕೆ ಏರಿ ಇಳಿಯುತ್ತದೆ. ಒಟ್ಟು ಗಾತ್ರ 217.8 ಘನ ಅಂಗುಲ, ಅಂದರೆ ಸುಮಾರು 3,570 ಸಿಸಿ. ನಮ್ಮ ಅಂಬಾಸಿಡರ್ ಕಾರಿನ 1,489 ಸಿಸಿ ಎಂಜಿನ್ನಿಗೆ ಹೋಲಿಸಿದರೆ ಇದು ಎರಡು ಪಟ್ಟಿಗೂ ಮಿಗಿಲು. ಇಷ್ಟು ದೊಡ್ಡ ಎಂಜಿನ್ ಕೊಡುವುದು ಬರೀ 95 ಅಶ್ವಶಕ್ತಿ. ಆದರೆ ಅದರ ಎಳೆತದ ಬಲ ತನ್ನ ಗರಿಷ್ಠ ಮಟ್ಟ ಮುಟ್ಟುವುದು ನಿಮಿಷಕ್ಕೆ 1,200 ಸುತ್ತಿನ ಆಸುಪಾಸಿನಲ್ಲೇ. ಓಡುವ ಕುದುರೆಗಿಂತ ಹೆಚ್ಚಾಗಿ ಇದು ಭಾರ ಎಳೆಯುವ ಎತ್ತು. ಮೂರನೆಯ ಗೇರಿನಲ್ಲೇ ಜನಸಂದಣಿಯ ಬೀದಿಯಲ್ಲಿ ತೆವಳಿ, ಅದೇ ಗೇರಿನಲ್ಲೇ ಸದ್ದಿಲ್ಲದೆ ವೇಗ ಪಡೆಯಬಲ್ಲದು.

ನಿಧಾನವಾಗಿ ತಿರುಗುವ, ಕಡಿಮೆ ಒತ್ತಡದ ಯಂತ್ರ ಹೆಚ್ಚು ಕಾಲ ಬಾಳುವುದು ಸಹಜ. ಆದರೆ ಪ್ಲಿಮತ್ತಿನ ಬಾಳಿಕೆಗೆ ಅದೊಂದೇ ಕಾರಣವಲ್ಲ. ಕ್ರೈಸ್ಲರ್ ಆ ದಿನಗಳಲ್ಲಿ ಎಂಜಿನಿಯರುಗಳ ಮಾತು ನಡೆಯುತ್ತಿದ್ದ ಕಂಪನಿ. ಅದೇ ಬೆಲೆಯ ಷೆವರ್ಲೆ ಎಂಜಿನ್ನಿನಲ್ಲಿ ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಸಣ್ಣ ಸೌಟಿನಂಥ ಭಾಗ ಎಣ್ಣೆಯಲ್ಲಿ ಮುಳುಗಿ ಎದ್ದು ತನ್ನ ಬೇರಿಂಗಿಗೆ ತಾನೇ ಎಣ್ಣೆ ಉಣಿಸಿಕೊಳ್ಳುವ ಪದ್ಧತಿ ಐವತ್ತರ ದಶಕದ ಆರಂಭದವರೆಗೂ ಮುಂದುವರಿದಿತ್ತು. ಅಲ್ಲದೆ ಆ ರಾಡಿನ ಬೇರಿಂಗುಗಳು ಕರಗಿಸಿ ಎರಕ ಹೊಯ್ದವಾಗಿದ್ದು, ಸವೆದರೆ ಮತ್ತೆ ಹೊಯ್ದು, ಕಡೆದು, ಹೊಂದಿಸಬಲ್ಲ ಕಸುಬುದಾರನನ್ನೇ ಹುಡುಕಬೇಕು. ಪ್ಲಿಮತ್ತಿನಲ್ಲಿ ಪಂಪು ಒತ್ತಡದಿಂದ ಎಣ್ಣೆಯನ್ನು ಮುಖ್ಯ ಬೇರಿಂಗುಗಳಿಗೂ ರಾಡಿನ ಬೇರಿಂಗುಗಳಿಗೂ ತಲುಪಿಸುತ್ತದೆ. ಬೇರಿಂಗುಗಳು ತೆಗೆದು ಹಾಕಬಹುದಾದ ತೆಳು ಕವಚಗಳು. ಜೊತೆಗೆ ಎಕ್ಸಾಸ್ಟ್ ವಾಲ್ವುಗಳು ಕೂರುವ ಜಾಗಕ್ಕೆ ಗಟ್ಟಿ ಲೋಹದ ಉಂಗುರಗಳನ್ನು ಕೂರಿಸಿರುವುದರಿಂದ, ಸೀಸ ಬೆರೆಸದ ಇಂದಿನ ಪೆಟ್ರೋಲಿನಿಂದ ಅವು ಬೇಗ ಸವೆಯುವ ಭಯವಿಲ್ಲ. ಹಾಗೆಂದು ಷೆವರ್ಲೆ ಕೆಟ್ಟ ಕಾರೇನಲ್ಲ. ಎಪ್ಪತ್ತೈದು ವರ್ಷಗಳ ನಂತರ ಮನೆಯ ಹಿತ್ತಲಿನಲ್ಲಿ ಎಂಜಿನ್ ಬಿಚ್ಚಲು ಹೊರಟವನಿಗೆ ಮಾತ್ರ ಈ ವ್ಯತ್ಯಾಸ ದೊಡ್ಡದು.

ಇಷ್ಟಾದರೂ ಈ ಎಂಜಿನ್ನಿಗೆ ಒಂದು ಗುಪ್ತರೋಗವಿದೆ. ನೀರಿನ ಪಂಪಿನ ಹಿಂದೆ, ಬ್ಲಾಕಿನ ಉದ್ದಕ್ಕೂ, ತೆಳು ತಗಡಿನ ಒಂದು ಕೊಳವೆಯನ್ನು ತೂರಿಸಿಟ್ಟಿರುತ್ತಾರೆ. ಅದರ ಮೈಮೇಲಿನ ರಂಧ್ರಗಳು ತಣ್ಣನೆಯ ನೀರನ್ನು ಆರು ಸಿಲಿಂಡರುಗಳ ಎಕ್ಸಾಸ್ಟ್ ವಾಲ್ವುಗಳ ಬಳಿಗೂ ಸಮನಾಗಿ ಹಂಚುತ್ತವೆ. ವರ್ಷಗಳ ಕಾಲ ಬರೀ ನೀರು ಹಾಕಿ ಓಡಿಸಿದರೆ ಈ ಕೊಳವೆ ತುಕ್ಕು ತಿಂದು ಹೋಗುತ್ತದೆ. ಆಗ ನೀರು ಮುಂದಿನ ಸಿಲಿಂಡರುಗಳ ಬಳಿಯೇ ಸುತ್ತಿ ಮರಳುತ್ತದೆ. ಹಿಂದಿನವು ಬಾಯಾರಿ ಸುಡುತ್ತವೆ. ವಿಚಿತ್ರವೆಂದರೆ ಡ್ಯಾಶ್‌ಬೋರ್ಡಿನ ಉಷ್ಣತೆಯ ಮುಳ್ಳು ಎಲ್ಲವೂ ಸರಿಯಿದೆ ಎಂದೇ ತೋರಿಸುತ್ತಿರಬಹುದು. ಐದನೆಯ, ಆರನೆಯ ಸಿಲಿಂಡರಿನ ವಾಲ್ವುಗಳು ಮತ್ತೆಮತ್ತೆ ಸುಡುತ್ತಿದ್ದರೆ ಅನುಭವಿ ಮೆಕ್ಯಾನಿಕ್ ವಾಲ್ವನ್ನು ಬದಲಿಸುವ ಮೊದಲು ಈ ಕೊಳವೆಯನ್ನು ಎಳೆದು ನೋಡುತ್ತಾನೆ. ತುಕ್ಕು ಹಿಡಿದದ್ದು ಒಂದೇ ಎಳೆತಕ್ಕೆ ಬರುವುದಿಲ್ಲ. ಚೂರುಚೂರಾಗಿ ಕೊಕ್ಕೆ ಹಾಕಿ ತೆಗೆಯುವುದರಲ್ಲಿ ಒಂದು ದಿನವೇ ಕಳೆದುಹೋಗಬಹುದು. ವಾಲ್ವುಗಳ ಅಂತರ ಹೊಂದಿಸುವ ಕೆಲಸವೂ ಹಾಗೆಯೇ: ಬಲಬದಿಯ ಚಕ್ರದ ಗೂಡಿನೊಳಗಿನ ತಗಡನ್ನು ಬಿಚ್ಚಿ, ಬಿಸಿಯಾದ ಎಂಜಿನ್ನಿನ ಪಕ್ಕೆಗೆ ಕೈ ತೂರಿಸಿ ಮಾಡಬೇಕು. ಬೆರಳು ಸುಟ್ಟುಕೊಳ್ಳದೆ ಇದನ್ನು ಕಲಿತವರಿಲ್ಲ.

ಇನ್ನು ಹೊಸಬರನ್ನು ಹೆದರಿಸುವುದು ವಿದ್ಯುತ್ ವ್ಯವಸ್ಥೆ. ಪ್ಲಿಮತ್ತಿನದು 6 ವೋಲ್ಟಿನ ಬ್ಯಾಟರಿ. ಅಷ್ಟೇ ಅಲ್ಲ, ಇಂದಿನ ಕಾರುಗಳಿಗೆ ತದ್ವಿರುದ್ಧವಾಗಿ ಬ್ಯಾಟರಿಯ ಧನ ತುದಿಯನ್ನು ಗಾಡಿಯ ಮೈಗೆ, ಅಂದರೆ ಅರ್ಥಿಗೆ ಜೋಡಿಸಲಾಗಿದೆ. ಬೆಳಿಗ್ಗೆ ಸೆಲ್ಫ್ ಹೊಡೆದಾಗ ಎಂಜಿನ್ ನರಳುತ್ತ ತಿರುಗಿದರೆ ಎಲ್ಲರೂ ಬೈಯುವುದು ಈ 6 ವೋಲ್ಟನ್ನು. ತಪ್ಪು ಸಾಮಾನ್ಯವಾಗಿ ಬೇರೆಡೆ ಇರುತ್ತದೆ. ಒಂದೇ ಪ್ರಮಾಣದ ಶಕ್ತಿ ಬೇಕಾದಾಗ ವೋಲ್ಟ್ ಅರ್ಧವಾದರೆ ಹರಿಯುವ ವಿದ್ಯುತ್ತು ಎರಡು ಪಟ್ಟಾಗಬೇಕು: ಸ್ಟಾರ್ಟರ್ ಮೋಟರಿಗೆ 900 ವಾಟ್ ಬೇಕೆಂದುಕೊಂಡರೆ 12 ವೋಲ್ಟಿನಲ್ಲಿ 75 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 150 ಆಂಪಿಯರ್ ಬೇಕು. ವಿದ್ಯುತ್ತು ಇಮ್ಮಡಿಯಾದರೆ ಅದೇ ತಂತಿಯಲ್ಲಿ ಸೋರಿಹೋಗುವ ವೋಲ್ಟೂ ಇಮ್ಮಡಿ. ಮೊದಲೇ ಇರುವುದು ಅರ್ಧ ವೋಲ್ಟ್ ಆದ್ದರಿಂದ ಆ ನಷ್ಟದ ಪಾಲು ನಾಲ್ಕು ಪಟ್ಟಾಗಿ ಬಾಧಿಸುತ್ತದೆ. ಆದ್ದರಿಂದಲೇ ಕಾರ್ಖಾನೆಯವರು ಹೆಬ್ಬೆರಳು ಗಾತ್ರದ ದಪ್ಪ ಕೇಬಲ್ಲುಗಳನ್ನು ಹಾಕಿದ್ದರು. ಮುಂದೆ ಯಾರೋ ಒಬ್ಬ ಮಾಲೀಕ ಅಂಗಡಿಯಲ್ಲಿ ಸಿಕ್ಕ ಇಂದಿನ ಕಾರಿನ ತೆಳು ಕೇಬಲ್ಲು ತಂದು ಕಟ್ಟಿರುತ್ತಾನೆ, ಅರ್ಥ್ ಜೋಡಿಸಿದ ಜಾಗದಲ್ಲಿ ಬಣ್ಣ ಮತ್ತು ತುಕ್ಕು ಕೂತಿರುತ್ತದೆ. ಅಲ್ಲಿಗೆ ಗಾಡಿ ಎದ್ದೇಳಲು ತಿಣುಕತೊಡಗುತ್ತದೆ. ಎರಡು ದಪ್ಪ ಕೇಬಲ್ಲು, ಉಜ್ಜಿ ಹೊಳೆಯಿಸಿದ ಎರಡು ಜೋಡಣೆ. ಬಹಳಷ್ಟು ಪ್ಲಿಮತ್ತುಗಳ ಕಾಯಿಲೆ ಇಷ್ಟರಲ್ಲೇ ವಾಸಿಯಾಗುತ್ತದೆ. ಇಡೀ ವ್ಯವಸ್ಥೆಯನ್ನು 12 ವೋಲ್ಟಿಗೆ ಬದಲಿಸುವ ಹುರುಪು ನನಗಂತೂ ಅನಗತ್ಯವಾಗಿ ಕಾಣುತ್ತದೆ.

ಬ್ರೇಕಿನ ವಿಷಯದಲ್ಲಿ ಪ್ಲಿಮತ್ ತನ್ನ ಪ್ರತಿಸ್ಪರ್ಧಿಗಳಿಗಿಂತ ಬಹಳ ಮುಂದಿತ್ತು. 1928ರ ಮೊದಲ ಪ್ಲಿಮತ್ತಿನಲ್ಲೇ ನಾಲ್ಕೂ ಚಕ್ರಗಳಿಗೆ ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕ್ ಇತ್ತು. ಷೆವರ್ಲೆ ಅದನ್ನು ಅಳವಡಿಸಿಕೊಂಡದ್ದು 1936ರಲ್ಲಿ, ಫೋರ್ಡ್ 1939ರಲ್ಲಿ. ಪಿ-15ರ ಮುಂದಿನ ಪ್ರತಿಯೊಂದು ಚಕ್ರದ ಬ್ರೇಕ್ ಡ್ರಮ್ಮಿನೊಳಗೆ ಎರಡೆರಡು ಬ್ರೇಕ್ ಸಿಲಿಂಡರುಗಳಿವೆ. ಎರಡೂ ಬ್ರೇಕ್ ಶೂಗಳು ಡ್ರಮ್ಮು ತಿರುಗುವ ದಿಕ್ಕಿನಲ್ಲೇ ಅದಕ್ಕೆ ಕಚ್ಚಿಕೊಳ್ಳುವುದರಿಂದ, ಸರಿಯಾಗಿ ಹೊಂದಿಸಿದ ಗಾಡಿ ತನ್ನ ಒಂದೂವರೆ ಟನ್ನಿನ ಆಸುಪಾಸಿನ ತೂಕವನ್ನು ನೆಚ್ಚಿಗೆಯಿಂದ ತಡೆದು ನಿಲ್ಲಿಸುತ್ತದೆ. ‘ಸರಿಯಾಗಿ ಹೊಂದಿಸಿದ’ ಎಂಬ ಮಾತಿಗೆ ಇಲ್ಲಿ ತೂಕ ಜಾಸ್ತಿ. ಶೂಗಳ ಮೇಲ್ತುದಿ, ಕೆಳತುದಿ ಎರಡನ್ನೂ ಬೇರೆಬೇರೆಯಾಗಿ ಹೊಂದಿಸಬೇಕು. ಅದಕ್ಕೆಂದೇ ಇದ್ದ ಅಳತೆಯ ಸಾಧನ ಇಂದು ಎಲ್ಲರ ಬಳಿಯೂ ಇಲ್ಲ. ಅರೆಬರೆ ಹೊಂದಿಸಿದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಇಡೀ ವ್ಯವಸ್ಥೆಗೆ ಇರುವುದು ಒಂದೇ ದ್ರವಮಾರ್ಗ. ಎಲ್ಲಿ ಸೋರಿದರೂ ನಾಲ್ಕೂ ಚಕ್ರಗಳ ಬ್ರೇಕ್ ಒಟ್ಟಿಗೆ ಹೋಗುತ್ತದೆ ಎಂಬುದನ್ನು ಮರೆಯಬಾರದು. ಹ್ಯಾಂಡ್ ಬ್ರೇಕ್ ಚಕ್ರಗಳಲ್ಲಿಲ್ಲ, ಗೇರ್‌ಬಾಕ್ಸಿನ ಹಿಂದೆ, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಕೂತಿದೆ. ಶಾಫ್ಟು ತಿರುಗದಂತೆ ಹಿಡಿದಿದ್ದರೂ, ಜಾಕ್ ಕೊಟ್ಟು ಹಿಂದಿನ ಒಂದು ಚಕ್ರವನ್ನು ನೆಲದಿಂದ ಎತ್ತಿದೊಡನೆ, ಎರಡು ಚಕ್ರಗಳನ್ನು ಬೇರೆಬೇರೆಯಾಗಿ ತಿರುಗಲು ಬಿಡುವ ಡಿಫರೆನ್ಷಿಯಲ್ ಮೂಲಕ ಅದು ಹಿಮ್ಮುಖವಾಗಿ ತಿರುಗಬಲ್ಲದು, ನೆಲದ ಮೇಲಿರುವ ಇನ್ನೊಂದು ಚಕ್ರ ಉರುಳಬಲ್ಲದು. ಆದ್ದರಿಂದ ಚಕ್ರಕ್ಕೆ ಕಲ್ಲು ಕೊಡದೆ ಈ ಗಾಡಿಗೆ ಜಾಕ್ ಹಾಕಬಾರದು.

ಒಳಗೆ ಕೂತಾಗ ಮೊದಲು ಅನುಭವಕ್ಕೆ ಬರುವುದು ಎತ್ತರ. 1935ರಿಂದ ಕ್ರೈಸ್ಲರ್ ಕಂಪನಿಯ ಅಧ್ಯಕ್ಷರಾಗಿದ್ದ ಕೆ.ಟಿ. ಕೆಲ್ಲರ್ ಕಾರುಗಳು ತಗ್ಗಾಗುತ್ತ ಹೋಗುವುದನ್ನು ಒಪ್ಪದವರು. ಗಂಡಸು ತಲೆಯ ಮೇಲಿನ ಟೊಪ್ಪಿಯನ್ನು ತೆಗೆಯದೆ ಒಳಗೆ ಕೂರುವಂತಿರಬೇಕು ಎಂಬುದು ಅವರ ಹಟವಾಗಿತ್ತು. ಈ ಹಟ ಐವತ್ತರ ದಶಕದಲ್ಲಿ ಕಂಪನಿಗೆ ಮಾರಾಟದಲ್ಲಿ ಪೆಟ್ಟು ಕೊಟ್ಟಿತೆಂದು ಹೇಳುವವರಿದ್ದಾರೆ. ಆದರೆ ಮೊಣಕಾಲು ಹಿಡಿದುಕೊಂಡಿರುವ ಹಿರಿಯರನ್ನು ಇಂದಿನ ತಗ್ಗು ಕಾರಿಗೆ ಹತ್ತಿಸಿ ಇಳಿಸಿದವರಿಗೆ ಕೆಲ್ಲರ್ ಬಗ್ಗೆ ಗೌರವ ಮೂಡದೆ ಇರದು. ಕುರ್ಚಿಯ ಮೇಲೆ ಕೂತಷ್ಟು ಸಲೀಸಾಗಿ ಈ ಕಾರಿನೊಳಗೆ ಕೂರಬಹುದು. ಗೇರಿನ ಕಡ್ಡಿ ಸ್ಟೇರಿಂಗ್ ಕಂಬದ ಮೇಲಿದೆ. ಪ್ರೀಮಿಯರ್ ಪದ್ಮಿನಿ ಓಡಿಸಿದವರಿಗೆ ಈ ‘ಸ್ಟೇರಿಂಗ್ ಗೇರು’ ಹೊಸದೆನಿಸದು. ಮುಂದಕ್ಕೆ ಮೂರೇ ಗೇರು, ಒಂದನೆಯದಕ್ಕೆ ಹಲ್ಲುಗಳ ವೇಗವನ್ನು ತಾನೇ ಸರಿಹೊಂದಿಸುವ ಸಿಂಕ್ರೊಮೆಷ್ ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಾಕಿದರೆ ಸದ್ದಿಲ್ಲ, ಉರುಳುತ್ತಿರುವಾಗ ಹಾಕಿದರೆ ಹಲ್ಲು ಕಡಿಯುವ ಸದ್ದು ಬೀದಿಗೆಲ್ಲ ಕೇಳಿಸುತ್ತದೆ. ಎಂಜಿನ್ನನ್ನು ರಬ್ಬರಿನ ಮೇಲೆ ತೇಲುವಂತೆ ಕೂರಿಸುವ ಉಪಾಯವನ್ನು ಕಂಪನಿ 1931ರಲ್ಲೇ ಕಂಡುಕೊಂಡಿದ್ದರಿಂದ ನಡುಕ ಒಳಗೆ ಬರುವುದು ಬಹಳ ಕಡಿಮೆ. ಗಂಟೆಗೆ 70–80 ಕಿ.ಮೀ. ವೇಗದಲ್ಲಿ ಅದು ಇಡೀ ದಿನ ಓಡಬಲ್ಲದು. ನೂರು ಮುಟ್ಟಿಸಿದರೆ ಎಂಜಿನ್ ಸುಮಾರು 2,900 ಸುತ್ತು ತಿರುಗುತ್ತಿರುತ್ತದೆ. ಇಂದಿನ ಕಾರಿಗೆ ಅದು ಲೆಕ್ಕಕ್ಕಿಲ್ಲ, ಉದ್ದ ಹೊಡೆತದ ಈ ಹಳೆಯ ಪಿಸ್ಟನ್ನುಗಳಿಗೆ ಅದು ಓಟವೇ ಸರಿ. ಹೆದ್ದಾರಿಯಲ್ಲಿ ಹಿಂದಿನಿಂದ ಹಾರ್ನ್ ಹೊಡೆಯುವವರನ್ನು ಮುಂದೆ ಹೋಗಲು ಬಿಡುವ ಮನಸ್ಸಿಲ್ಲದವರು ಈ ಕಾರು ಕೊಳ್ಳಬಾರದು.

ಇಷ್ಟೆಲ್ಲ ಗುಣವಿದ್ದೂ ಬೆಲೆ ಏಕೆ ಏರಲಿಲ್ಲ? ಹಳೆಯ ಕಾರಿನ ಬೆಲೆಯನ್ನು ನಿರ್ಧರಿಸುವುದು ಗುಣಕ್ಕಿಂತ ಹೆಚ್ಚಾಗಿ ಆಸೆ. ಹದಿಹರೆಯದಲ್ಲಿ ಕಿಟಕಿಯಿಂದ ಕಂಡು ಆಸೆಪಟ್ಟ ಕಾರನ್ನು ಐವತ್ತು, ಅರವತ್ತು ದಾಟಿದ ಮೇಲೆ, ಕೈಯಲ್ಲಿ ಹಣ ಓಡಾಡುವಾಗ, ಮನುಷ್ಯ ಕೊಳ್ಳುತ್ತಾನೆ. ನಲವತ್ತರ ದಶಕದ ಕಾರುಗಳನ್ನು ಹಾಗೆ ಬಯಸಿದ್ದ ತಲೆಮಾರು ಈಗ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಅಮೆರಿಕದ ಸಂಗ್ರಾಹಕರ ಹಣ ಅರವತ್ತು, ಎಪ್ಪತ್ತರ ದಶಕದ ವೇಗದ ಗಾಡಿಗಳತ್ತ ಹರಿದಿದೆ. ನಲವತ್ತರ ದಶಕದೊಳಗೇ ನೋಡಿದರೂ, ಎಂಜಿನ್ ಬಿಗಿಗೊಳಿಸಿ ರೇಸಿಗೆ ಬಿಡುವ ಹುಡುಗರು ಹುಡುಕಿದ್ದು ಫೋರ್ಡಿನ ವಿ-8 ಅನ್ನು, ಸೊಗಸು ಬಯಸಿದವರು ನೋಡಿದ್ದು ಷೆವರ್ಲೆಯ ಇಳಿಜಾರು ಬೆನ್ನಿನ ಫ್ಲೀಟ್‌ಲೈನನ್ನು. ಪ್ಲಿಮತ್ ಎರಡೂ ಗುಂಪಿಗೆ ಸೇರಲಿಲ್ಲ. ಇದರ ಜೊತೆಗೆ ಬಾಗಿಲುಗಳ ಲೆಕ್ಕವೊಂದಿದೆ: ಮಾಡು ಮಡಚುವ ಕನ್ವರ್ಟಿಬಲ್ಲಿಗೆ ಮತ್ತು ಮರದ ಮೈಯ ಸ್ಟೇಷನ್ ವ್ಯಾಗನ್ನಿಗೆ ದೊಡ್ಡ ಬೆಲೆ, ಎರಡು ಬಾಗಿಲಿನ ಕೂಪೆಗೆ ನಡುಬೆಲೆ, ಸಂಸಾರವಂದಿಗರ ನಾಲ್ಕು ಬಾಗಿಲಿನ ಸೆಡಾನಿಗೆ ಎಲ್ಲಕ್ಕಿಂತ ಕಡಿಮೆ. ಎಂಜಿನ್, ಚಾಸಿ, ಬ್ರೇಕ್ ಎಲ್ಲದರಲ್ಲೂ ಒಂದೇ ಆಗಿರುವ ಕಾರಿಗೆ ಎರಡು ಬಾಗಿಲು ಹೆಚ್ಚಾದದ್ದರಿಂದ ಬೆಲೆ ಇಳಿಯುವುದು ಓಡಿಸಲೆಂದು ಕೊಳ್ಳುವವನ ಪಾಲಿಗೆ ಲಾಭವೇ. ಅಮೆರಿಕದಲ್ಲಿ ಚೆನ್ನಾಗಿ ಓಡುವ ಇಂಥ ಸೆಡಾನ್ ಇಂದಿಗೂ ಒಂದು ಹೊಸ ಸಾಧಾರಣ ಕಾರಿಗಿಂತ ಬಹಳ ಕಡಿಮೆ ಬೆಲೆಗೆ ಸಿಗುತ್ತದೆ.

ಆದರೆ ಕೊಳ್ಳುವ ಬೆಲೆ ಕಡಿಮೆಯೆಂದು ರಿಪೇರಿಯ ಬೆಲೆಯೂ ಕಡಿಮೆಯಾಗುವುದಿಲ್ಲ. ಬಂಪರಿಗೆ ಕ್ರೋಮ್ ಲೇಪಿಸುವವನು, ಸೀಟಿಗೆ ಬಟ್ಟೆ ಹೊಲಿಯುವವನು, ತುಕ್ಕು ಹಿಡಿದ ನೆಲವನ್ನು ಕತ್ತರಿಸಿ ಹೊಸ ತಗಡು ಬೆಸೆಯುವವನು ಕಾರಿನ ಮಾರುಕಟ್ಟೆ ಬೆಲೆ ಕೇಳಿ ಕೂಲಿ ಹೇಳುವುದಿಲ್ಲ. ಎಂಜಿನ್ ಸತ್ತಿದ್ದರೂ ಮೈ ಗಟ್ಟಿಯಿರುವ ಗಾಡಿಯನ್ನು ಕೊಳ್ಳಬಹುದು, ಎಂಜಿನ್ ಹಾಡುತ್ತಿದ್ದರೂ ನೆಲ, ಬಾಗಿಲ ಕೆಳಗಿನ ಪಟ್ಟಿ, ಡಿಕ್ಕಿಯ ತಳ ಕರಗಿಹೋಗಿರುವ ಗಾಡಿಯನ್ನು ಮುಟ್ಟಬಾರದು ಎಂಬುದು ಈ ಲೆಕ್ಕದಿಂದ ಬಂದ ಮಾತು.

ಈ ಕಾರಿಗೂ ನಮಗೂ ಇರುವ ನಂಟು ಬರೀ ಅಭಿಮಾನದ್ದಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಮೂವತ್ತರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ತೆರೆಯುವ ಯೋಜನೆಯನ್ನು ರೂಪಿಸಿ, ಯುರೋಪು, ಅಮೆರಿಕಗಳ ಕಾರ್ಖಾನೆಗಳನ್ನು ಕಂಡು ಬಂದಿದ್ದರು. ಅದನ್ನು ಕೈಗೆತ್ತಿಕೊಂಡ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಕ್ರೈಸ್ಲರ್ ಕಂಪನಿಯೊಡನೆ ಒಪ್ಪಂದ ಮಾಡಿಕೊಂಡರು. ಮೈಸೂರು ಸಂಸ್ಥಾನವೂ ಇದರಲ್ಲಿ ಆಸಕ್ತಿ ವಹಿಸಿತ್ತು. ಆದರೆ ಯುದ್ಧಕಾಲದ ಬ್ರಿಟಿಷ್ ಸರ್ಕಾರ ಬೆಂಬಲ ಕೊಡಲಿಲ್ಲ. ಅದೇ ವಾಲ್‌ಚಂದ್ ಅದೇ ವರ್ಷದ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದೊಡನೆ ಸೇರಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು, ಇಂದಿನ ಎಚ್‌ಎಎಲ್ ಅನ್ನು, ಆರಂಭಿಸಿದರು. ಕಾರಿನ ಯೋಜನೆ ಮಾತ್ರ ಮುಂಬಯಿಗೆ ಹೋಯಿತು: 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, 1947ರಿಂದ ಅದರ ಕುರ್ಲಾ ಕಾರ್ಖಾನೆಯಲ್ಲಿ ಕ್ರೈಸ್ಲರ್ ಬಳಗದ ಗಾಡಿಗಳ ಜೋಡಣೆ ಶುರುವಾಯಿತು. ಪ್ಲಿಮತ್ತಿನದೇ ಮೈಗೆ ಬೇರೆ ಜಾಲರಿ, ಬೇರೆ ಹೆಸರು ಹಚ್ಚಿ ಡಾಡ್ಜ್ ಎಂದೂ ಡಿಸೊಟೊ ಎಂದೂ ಮಾರುವುದು ಕಂಪನಿಯ ರಫ್ತು ಪದ್ಧತಿಯಾಗಿತ್ತು. ಆದ್ದರಿಂದ ನಮ್ಮ ಕಡೆ ಆ ಕಾಲದ ಡಿಸೊಟೊ ಡಿಪ್ಲೊಮ್ಯಾಟ್ ಕಂಡರೆ, ಅದರ ಜಾಲರಿಯ ಹಲ್ಲಿನಂಥ ಪಟ್ಟಿಗಳನ್ನು ಮರೆತು ಒಳಗೆ ನೋಡಿದವನಿಗೆ ಸಿಗುವುದು ಪ್ಲಿಮತ್ತೇ.

ನಮ್ಮ ದೇಶದಲ್ಲಿ ಇವುಗಳ ಪೈಕಿ ಹಲವು ಗಾಡಿಗಳು ಟ್ಯಾಕ್ಸಿಗಳಾಗಿ ದುಡಿದವು. ಲೀಟರಿಗೆ ಏಳೆಂಟು ಕಿಲೋಮೀಟರ್ ಕೊಡುವ ಪೆಟ್ರೋಲ್ ಎಂಜಿನ್ ದುಬಾರಿಯೆನಿಸಿ, ಅದನ್ನು ಕಿತ್ತು ಡೀಸೆಲ್ ಎಂಜಿನ್ ಇಳಿಸಿದ ಉದಾಹರಣೆಗಳೂ ಇವೆ. ಅಂದು ಅದು ಹೊಟ್ಟೆಪಾಡಿನ ಜಾಣತನವಾಗಿತ್ತು. ಇಂದು ಕೊಳ್ಳುವವನಿಗೆ ತೊಡಕಾಗುತ್ತದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ ವಾಹನವನ್ನು ವಿಂಟೇಜ್ ವರ್ಗದಲ್ಲಿ ನೋಂದಾಯಿಸಿಕೊಳ್ಳಬಹುದು. ಅದಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಆದರೆ ಚಾಸಿ, ಮೈಕವಚ, ಎಂಜಿನ್ ದೊಡ್ಡ ಬದಲಾವಣೆಯಿಲ್ಲದೆ ಮೂಲ ರೂಪದಲ್ಲಿರಬೇಕು ಎಂಬುದು ಅದರ ಷರತ್ತು. ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದ ಕೆಲಸಕ್ಕಲ್ಲದೆ ದಿನನಿತ್ಯದ ಓಡಾಟಕ್ಕೆ ಅಂಥ ಗಾಡಿಯನ್ನು ಬಳಸುವಂತಿಲ್ಲ. ಆದ್ದರಿಂದ ಮೊದಲು ನೋಡಬೇಕಾದದ್ದು ಬ್ಲಾಕಿನ ಎಡಬದಿಯಲ್ಲಿ, ಮುಂಭಾಗದಲ್ಲಿ, ಡೈನಮೊ ಇರುವ ಕಡೆ ಮೇಲ್ಗಡೆ ಕೊರೆದಿರುವ ಎಂಜಿನ್ ಸಂಖ್ಯೆ. ಅದು ‘ಪಿ15’ ಎಂದು ಶುರುವಾಗಿ, ದಾಖಲೆಯ ಸಂಖ್ಯೆಗೂ ಹೊಂದಿದರೆ ಅರ್ಧ ಚಿಂತೆ ಕಳೆದಂತೆ. ಆಮೇಲೆ ಪೆಟ್ರೋಲ್ ಪಂಪಿನ ಪೊರೆಯನ್ನೂ ರಬ್ಬರ್ ಕೊಳವೆಗಳನ್ನೂ ಬದಲಿಸಬೇಕು. ಈಗ ನಮ್ಮ ಬಂಕುಗಳಲ್ಲಿ ಸಿಗುವ, ಶೇ. 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನು ಹಳೆಯ ರಬ್ಬರ್ ತಡೆಯುವುದಿಲ್ಲ. ಕಡಿಮೆ ಒತ್ತಡದ ಎಂಜಿನ್ ಆದ್ದರಿಂದ ಪೆಟ್ರೋಲಿನ ದರ್ಜೆಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನು, ಗಾಡಿಯನ್ನು ರಿಪೇರಿಗೆ ಒಪ್ಪಿಸುವ ಮೆಕ್ಯಾನಿಕ್ಕಿಗೆ ಮೊದಲೇ ಹೇಳಿಟ್ಟಿರಬೇಕು. ಪ್ಲಿಮತ್ತಿನ ಚಕ್ರಗಳನ್ನು ಹಿಡಿದಿರುವುದು ನಟ್ಟುಗಳಲ್ಲ, ಡ್ರಮ್ಮಿನೊಳಕ್ಕೆ ತಿರುಗಿಸುವ ಬೋಲ್ಟುಗಳು. ಅದರಲ್ಲೂ ಎಡಬದಿಯ ಎರಡು ಚಕ್ರಗಳ ಬೋಲ್ಟುಗಳಿಗೆ ಇರುವುದು ಎಡಮರೆ, ಅಂದರೆ ಸಾಮಾನ್ಯ ಬೋಲ್ಟು ಬಿಗಿಯಾಗುವ ದಿಕ್ಕಿಗೆ ತಿರುಗಿಸಿದಾಗ ಇವು ಸಡಿಲವಾಗುತ್ತವೆ. ಓಡುವಾಗ ಚಕ್ರದ ಸುತ್ತಿಗೆ ಬೋಲ್ಟು ತಾನಾಗಿ ಕಳಚಿಕೊಳ್ಳದಿರಲಿ ಎಂಬುದು ಈ ಏರ್ಪಾಟಿನ ಉದ್ದೇಶ. ಇದು ಗೊತ್ತಿಲ್ಲದವರು ಬೋಲ್ಟು ಬಿಡುತ್ತಿಲ್ಲವೆಂದು ಸ್ಪ್ಯಾನರಿಗೆ ಪೈಪು ತೊಡಿಸಿ, ಅದರ ಮೇಲೆ ಹತ್ತಿ ನಿಂತು, ಕೊನೆಗೆ ಬೋಲ್ಟನ್ನೇ ಮುರಿದು ಕೈಗೆ ಕೊಡುತ್ತಾರೆ. ಹಲವು ಬೋಲ್ಟುಗಳ ತಲೆಯ ಮೇಲೆ ‘ಎಲ್’ ಎಂಬ ಗುರುತಿರುತ್ತದೆ. ಎಪ್ಪತ್ತೈದು ವರ್ಷದ ತುಕ್ಕು ಮತ್ತು ಬಣ್ಣದ ಕೆಳಗೆ ಅದು ಕಾಣದಿದ್ದರೆ, ಎಡಗಡೆಯ ಚಕ್ರದ ತಟ್ಟೆಯೊಳಗೆ ಬಾಣದ ಗುರುತೊಂದನ್ನು ಬಿಳಿ ಬಣ್ಣದಲ್ಲಿ ಬರೆದಿಡುವುದು ಒಳ್ಳೆಯದು.